ನಿನ್ನ ಮೈ ಸೋಮಾರಿಯಲ್ಲ, ಪುಟ್ಟಿ

ಪುಟ್ಟಿ,

ನಿನ್ನ ಮೆಟಬಾಲಿಸಂ ನಿಧಾನವಾಗಿಬಿಟ್ಟಿದೆ ಎಂದು ಜಿಮ್ಮಿನಲ್ಲಿ ಯಾರೋ ಹೇಳಿದರಂತೆ. ಅದನ್ನು ಚುರುಕು ಮಾಡಲು ಡಬ್ಬಿಯಲ್ಲಿ ಒಂದು ಪುಡಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆಹಣ್ಣು ಜೇನುತುಪ್ಪ, ರಾತ್ರಿ ಊಟ ಪೂರ್ತಿ ಬಂದ್. ಮದುವೆಯೊಳಗೆ ಎಂಟು ಕಿಲೋ ಇಳಿಯಲೇಬೇಕು. ನಿಮ್ಮಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಅವಳ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಆತಂಕ. ನನಗೆ ಮಾತ್ರ ಸಂಕಟವಾಯಿತು. ಶರೀರಕ್ರಿಯಾಶಾಸ್ತ್ರದ ಪಾಠ ಹೇಳಿಕೊಂಡೇ ವಯಸ್ಸು ಕಳೆದವಳು ನಾನು. ಓದುಬರಹದಲ್ಲಿ, ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯರು ತಮ್ಮ ಮೈಯನ್ನೇ ಶತ್ರುವಿನಂತೆ ಕಂಡುಕೊಂಡು ಸೊರಗುವುದನ್ನು ನೋಡಿದ್ದೇನೆ. ಹಾಗೆ ದೂರುವಷ್ಟು ತಪ್ಪನ್ನು ಆ ಮೈ ಮಾಡಿರುವುದಿಲ್ಲ. ಅದನ್ನು ತಿಳಿಸುವುದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದು.

ಮೆಟಬಾಲಿಸಂ, ಕನ್ನಡದಲ್ಲಿ ಚಯಾಪಚಯ, ಎಂದರೆ ಉಂಡ ಅನ್ನ ಎಷ್ಟು ಬೇಗ ಜೀರ್ಣವಾಯಿತು ಎಂಬ ಲೆಕ್ಕವೆಂದು ಬಹಳ ಜನ ತಿಳಿದಿದ್ದಾರೆ. ಅದು ಇಡೀ ಮೈಯ ಖರ್ಚು. ನೀನು ನಿದ್ದೆ ಹೋದಾಗಲೂ ಹೃದಯ ಬಡಿಯುತ್ತಿರುತ್ತದೆ, ಮೂತ್ರಪಿಂಡಗಳು ರಕ್ತ ಸೋಸುತ್ತಿರುತ್ತವೆ, ಯಕೃತ್ತು ಸಕ್ಕರೆಯನ್ನು ಕೂಡಿಡುತ್ತ, ಬಿಡಿಸಿ ಕೊಡುತ್ತ ಇರುತ್ತದೆ. ನಿನ್ನಂತೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಲ್ಲಿ ದಿನದ ಒಟ್ಟು ಖರ್ಚಿನ ಶೇಕಡ 60ರಿಂದ 70ರಷ್ಟು ಬರೀ ಬದುಕಿರುವುದಕ್ಕೇ ಹೋಗುತ್ತದೆ. ಮಿದುಳಿನ ತೂಕ ಮೈಯ ಶೇಕಡ 2ರಷ್ಟು ಮಾತ್ರ. ಸುಮ್ಮನೆ ಮಲಗಿರುವಾಗ ಉರಿಯುವ ಶಕ್ತಿಯಲ್ಲಿ ಅದರ ಪಾಲು ಶೇಕಡ 20. ಈ ಅಂಗಗಳಲ್ಲಿ ಯಾವುದನ್ನು ‘ಚುರುಕು’ ಮಾಡುತ್ತೇನೆಂದು ಆ ಪುಡಿ ಮಾರುವವರು ಹೇಳುತ್ತಾರೋ ಕೇಳಿ ನೋಡು. ಹೃದಯ ಇನ್ನಷ್ಟು ಜೋರಾಗಿ ಬಡಿಯಬೇಕೆ?

ಮೈ ದೊಡ್ಡದಾದಷ್ಟೂ ಈ ಖರ್ಚು ಹೆಚ್ಚು. ತೆಳ್ಳಗಿರುವವರ ಒಳಗೆ ಬೆಂಕಿ ಧಗಧಗ ಉರಿಯುತ್ತಿರುತ್ತದೆ, ಮೈ ಬಂದವರ ಒಳಗೆ ಅದು ನಂದುತ್ತ ಬಂದಿರುತ್ತದೆ ಎಂದು ನಂಬಿದವರಿಗೆ ಇದನ್ನು ಒಪ್ಪುವುದು ಕಷ್ಟ. ಆದರೆ ಅಳೆದು ನೋಡಿದಾಗಲೆಲ್ಲ ಸಿಕ್ಕಿರುವುದು ಇದೇ: 90 ಕಿಲೋ ತೂಗುವವರು 50 ಕಿಲೋದವರಿಗಿಂತ ದಿನಕ್ಕೆ ಹೆಚ್ಚು ಶಕ್ತಿ ಉರಿಸುತ್ತಾರೆ. ಹೊರಬೇಕಾದ ಭಾರ ಹೆಚ್ಚು, ರಕ್ತ ತಲುಪಿಸಬೇಕಾದ ದೂರ ಹೆಚ್ಚು, ದೊಡ್ಡ ಮೈಯ ಒಳಗಿನ ಅಂಗಗಳೂ ದೊಡ್ಡವು. ಒಂದೇ ಎತ್ತರ, ಒಂದೇ ತೂಕದ ಇಬ್ಬರ ನಡುವೆ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಒಬ್ಬಳು ಸಣ್ಣಗಿದ್ದು ಇನ್ನೊಬ್ಬಳು ದಪ್ಪಗಿರುವುದಕ್ಕೆ ಅಷ್ಟೇ ಕಾರಣ ಎನ್ನಲಾಗದು.

‘ನಮ್ಮ ಭಾರತೀಯರ ಮೆಟಬಾಲಿಸಮ್ಮೇ ಕಮ್ಮಿ’ ಎನ್ನುವ ಮಾತೂ ಇದೆಯಲ್ಲ, ಅದಕ್ಕೆ ಉತ್ತರ ಸಿಕ್ಕಿದ್ದು ನಿನ್ನ ಬೆಂಗಳೂರಿನಲ್ಲೇ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಒಪ್ಪಿದ್ದ ಸೂತ್ರ ಭಾರತೀಯರ ಮೂಲ ಖರ್ಚನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂದು 1990ರ ದಶಕದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಳೆದು ತೋರಿಸಿದರು. ಇಷ್ಟನ್ನೇ ಹಿಡಿದರೆ ನಮ್ಮ ಮೈ ಸೋಮಾರಿ ಎಂದಾಗುತ್ತದೆ. ಆದರೆ 1998ರಲ್ಲಿ ಭಾರತದ, ಆಸ್ಟ್ರೇಲಿಯಾದ ಅಳತೆಗಳನ್ನು ಒಟ್ಟಿಗಿಟ್ಟು, ಕೊಬ್ಬನ್ನು ಕಳೆದು ಉಳಿಯುವ ಮೈತೂಕಕ್ಕೆ ಹೋಲಿಸಿದಾಗ ಜನಾಂಗದ ವ್ಯತ್ಯಾಸ ಮಾಯವಾಯಿತು. ನಮ್ಮಲ್ಲಿ ಮಾಂಸಖಂಡ ಕಡಿಮೆ, ಅದಕ್ಕೇ ಖರ್ಚೂ ಕಡಿಮೆ. ಇರುವ ಮಾಂಸಖಂಡ, ಇರುವ ಅಂಗಗಳು ತಮ್ಮ ಕೆಲಸವನ್ನು ಪೂರ್ತಿ ಮಾಡುತ್ತಲೇ ಇವೆ. ಈ ಮಾಂಸಖಂಡದ ವಿಷಯಕ್ಕೆ ಮತ್ತೆ ಬರುತ್ತೇನೆ, ಅದು ಮುಖ್ಯ.

ಹಾಗಾದರೆ ‘ನೀರು ಕುಡಿದರೂ ಮೈ ಬರುತ್ತೆ’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ ಪುಟ್ಟಿ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ 10 ಜನರನ್ನು ಕರೆದು ಅಳೆದರು. ಅವರ ಚಯಾಪಚಯ ಸರಿಯಾಗಿಯೇ ಇತ್ತು. ಆದರೆ ತಿಂದದ್ದನ್ನು ಅವರು ಸುಮಾರು ಅರ್ಧದಷ್ಟೇ ಬರೆದಿದ್ದರು, ಮೈ ದಣಿಸಿದ್ದನ್ನು ಒಂದೂವರೆ ಪಟ್ಟು ಬರೆದಿದ್ದರು. ಮೋಸ ಮಾಡುವ ಉದ್ದೇಶ ಅವರಿಗೇನೂ ಇರಲಿಲ್ಲ. ಮನುಷ್ಯನ ನೆನಪಿಗೆ ತುತ್ತಿನ ಲೆಕ್ಕ ಹತ್ತುವುದಿಲ್ಲ, ತೆಳ್ಳಗಿರುವವರಿಗೂ ಹತ್ತುವುದಿಲ್ಲ. ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಕೋಸಂಬರಿ, ಮಗು ಬಿಟ್ಟ ಎರಡು ತುತ್ತು, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಇವನ್ನು ಊಟವೆಂದು ಯಾರು ಎಣಿಸುತ್ತಾರೆ? ಒಗ್ಗರಣೆಗೆ ಸುರಿದ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲರಿ ಇರುತ್ತದೆ, ತಟ್ಟೆಯಲ್ಲಿ ಅದು ಕಣ್ಣಿಗೆ ಬೀಳುವುದೂ ಇಲ್ಲ. ಹಾಗಾಗಿ ದಪ್ಪಗಿರುವವರು ಹೇಳಿದ್ದನ್ನು ನಂಬದೆ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಗುವವರ ಲೆಕ್ಕವೂ ಅಷ್ಟೇ ತಪ್ಪಿರುತ್ತದೆ.

ಮೂವತ್ತಕ್ಕೆ ಕಾಲಿಟ್ಟರೆ ಎಲ್ಲ ಮುಗಿಯಿತು ಎಂದು ನೀನು ಹೆದರಿದ್ದೀಯಂತೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,421 ಜನ, 8 ದಿನದ ಹಸುಗೂಸಿನಿಂದ 95 ವರ್ಷದ ಮುದುಕರವರೆಗೆ. ಅಳೆದ ರೀತಿ ಬಹಳ ಸೊಗಸಾದದ್ದು. ಭಾರವಾದ ಹೈಡ್ರೋಜನ್, ಭಾರವಾದ ಆಕ್ಸಿಜನ್ ಇರುವ ನೀರನ್ನು ಕುಡಿಸುತ್ತಾರೆ. ಹೈಡ್ರೋಜನ್ ಮೈಯಿಂದ ನೀರಾಗಿ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡಿ ಎರಡರ ನಡುವಿನ ಅಂತರ ನೋಡಿದರೆ ಆ ಮನುಷ್ಯ ಎಷ್ಟು ಇಂಗಾಲ ಉರಿಸಿದ ಎಂಬುದು ತಿಳಿಯುತ್ತದೆ. ತನ್ನ ಮನೆಯಲ್ಲಿದ್ದುಕೊಂಡು, ತನ್ನ ಪಾಡಿಗೆ ತಿರುಗಾಡಿಕೊಂಡಿರುವಾಗಲೇ ಈ ಅಳತೆ ನಡೆದುಹೋಗುತ್ತದೆ. ಮೈ ಗಾತ್ರದ ಲೆಕ್ಕ ಸರಿದೂಗಿಸಿ ನೋಡಿದಾಗ ಒಂದು ವರ್ಷದ ಕೂಸಿನ ಖರ್ಚು ದೊಡ್ಡವರಿಗಿಂತ ಶೇಕಡ 50ರಷ್ಟು ಹೆಚ್ಚು. ಅಲ್ಲಿಂದ ಇಪ್ಪತ್ತರ ಪ್ರಾಯದವರೆಗೆ ಮೆಲ್ಲಗೆ ಇಳಿಯುತ್ತದೆ. 20ರಿಂದ 60ರವರೆಗೆ ಸಮತಟ್ಟು, ಏರಿಕೆಯೂ ಇಲ್ಲ ಇಳಿಕೆಯೂ ಇಲ್ಲ. 60 ದಾಟಿದ ಮೇಲೆ ವರ್ಷಕ್ಕೆ ಶೇಕಡ 0.7ರಷ್ಟು ಇಳಿಯುತ್ತ ಹೋಗುತ್ತದೆ. ಗರ್ಭಿಣಿಯರಲ್ಲೂ ಹೆಚ್ಚಿದ ಮೈತೂಕಕ್ಕೆ ತಕ್ಕಷ್ಟೇ ಖರ್ಚು ಕಂಡಿತು.

ನಿಧಾನವಾಗಿರುವುದು ನನ್ನ ವಯಸ್ಸಿನವರ ಚಯಾಪಚಯ, ನಿನ್ನದಲ್ಲ. ಮೂವತ್ತರ ನಂತರ ಮೈ ಬರುವುದು ಸುಳ್ಳಲ್ಲ, ಆದರೆ ಕಾರಣಗಳು ಬೇರೆ: ಕೂತು ಮಾಡುವ ಕೆಲಸ, ಎರಡು ಗಂಟೆಯ ಟ್ರಾಫಿಕ್, ಕೆಟ್ಟ ನಿದ್ದೆ, ಬಾಗಿಲಿಗೇ ಬರುವ ಊಟ, ಬಾಣಂತನದ ಮೇಲೆ ಒಂದು ಕ್ಷಣವೂ ತನಗೆಂದು ಸಿಗದ ಬದುಕು. ಇವುಗಳಲ್ಲಿ ಕೆಲವನ್ನಾದರೂ ಬದಲಾಯಿಸಬಹುದು. ವಯಸ್ಸಿನ ಮೇಲೆ ದೂರು ಹಾಕಿ ಕೂತರೆ ಅದೂ ಆಗುವುದಿಲ್ಲ.

ಈಗ ರಾತ್ರಿ ಊಟ ಬಿಟ್ಟಿರುವ ವಿಷಯ. ಉಪವಾಸ ಬಿದ್ದರೆ ಮೆಟಬಾಲಿಸಂ ನಿಂತೇಹೋಗುತ್ತದೆ, ಆಮೇಲೆ ಏನೂ ತಿನ್ನದೆಯೂ ಮೈ ಬರುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಹಾಗಾಗುವುದಿಲ್ಲ. ಆದರೆ ಅದರಲ್ಲಿ ಒಂದು ಎಳೆಯಷ್ಟು ನಿಜವಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಿಂದ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರ ಮೇಲೆ ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದೆ, ಹಸಿದ ಯೂರೋಪಿಗೆ ಉಪಯೋಗವಾಗಲೆಂದು ತಾವಾಗಿಯೇ ಮುಂದೆ ಬಂದ ಹುಡುಗರು ಅವರು. 24 ವಾರ ಅರೆಹೊಟ್ಟೆ. ಮೈತೂಕದ ಕಾಲು ಭಾಗ ಹೋಯಿತು, ಮೂಲ ಚಯಾಪಚಯ ಶೇಕಡ 40ರಷ್ಟು ಇಳಿಯಿತು. ಮೈಯೇ ಕರಗಿದ್ದರಿಂದ ಆದ ಇಳಿಕೆ ಅದರಲ್ಲಿ ದೊಡ್ಡ ಪಾಲು. ಉಳಿದದ್ದು ಮೈ ತಾನಾಗಿ ಮಾಡಿಕೊಂಡ ಉಳಿತಾಯ. ಬರಗಾಲದಲ್ಲಿ ಮನೆಯ ಯಜಮಾನಿ ಯಾರಿಗೂ ಹೇಳದೆ ಸೊಲಿಗೆ ಅಕ್ಕಿ ಕಡಿಮೆ ಹಾಕುತ್ತಾಳಲ್ಲ, ಹಾಗೆ ನಾಡಿ ಮೆಲ್ಲಗಾಯಿತು, ಮೈ ತಣ್ಣಗಾಯಿತು, ಕೈಕಾಲು ಆಡಿಸುವುದೂ ಕಡಿಮೆಯಾಯಿತು. ಆದರೂ ತೂಕ ಇಳಿಯುತ್ತಲೇ ಇತ್ತು. ನೀನು ಗಮನಿಸಬೇಕಾದದ್ದು ಅವರ ಮನಸ್ಸಿನ ಪಾಡನ್ನು. ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದುತ್ತಿದ್ದರು, ಕನಸಿನಲ್ಲೂ ಊಟ, ಸಣ್ಣದಕ್ಕೆಲ್ಲ ಸಿಡಿಮಿಡಿ, ಯಾವುದರಲ್ಲೂ ಆಸಕ್ತಿಯಿಲ್ಲ. ಹೊಟ್ಟೆ ತುಂಬ ಉಣ್ಣಲು ಬಿಟ್ಟ ಮೇಲೂ ಎಷ್ಟೋ ಕಾಲ ಹಸಿವು ಹಿಂಗಲಿಲ್ಲ. ನಿನಗೆ ಈಗ ಬರುತ್ತಿರುವ ಸಿಟ್ಟು ನಿನ್ನ ಗುಣವಲ್ಲ, ಹಸಿವು. ನಿಮ್ಮಮ್ಮನಿಗೆ ಅದನ್ನೂ ಹೇಳಿದ್ದೇನೆ.

ಅಮೆರಿಕದ ಟೀವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ನಡೆಯುತ್ತಿತ್ತು. ಅದರಲ್ಲಿದ್ದ 14 ಜನರನ್ನು ಕೆವಿನ್ ಹಾಲ್ ಎಂಬ ಸಂಶೋಧಕರು ಆರು ವರ್ಷದ ನಂತರ ಮತ್ತೆ ಅಳೆದು 2016ರಲ್ಲಿ ಪ್ರಕಟಿಸಿದರು. ಸರಾಸರಿ 58 ಕಿಲೋ ಇಳಿಸಿದ್ದವರಿಗೆ 41 ಕಿಲೋ ಮರಳಿ ಬಂದಿತ್ತು. ಅವರ ವಿಶ್ರಾಂತಿಯ ಖರ್ಚು ಇರಬೇಕಾದದ್ದಕ್ಕಿಂತ ದಿನಕ್ಕೆ 500 ಕ್ಯಾಲರಿಯಷ್ಟು ಕಡಿಮೆ ಇತ್ತು. ಈ ಸುದ್ದಿ ಲೋಕವೆಲ್ಲ ಹರಡಿತು, ಕ್ರಾಶ್ ಡಯಟ್ಟಿನಿಂದ ಮೆಟಬಾಲಿಸಂ ಹಾಳಾಗುತ್ತದೆ ಎನ್ನುವ ಮಾತಿಗೆ ಇದೇ ಆಧಾರವಾಯಿತು. ಆದರೆ ಅದೇ ಲೇಖನದ ಇನ್ನೊಂದು ಸಂಗತಿ ಯಾರ ಬಾಯಿಗೂ ಬರಲಿಲ್ಲ. ಹೆಚ್ಚು ನಿಧಾನವಾಗಿದ್ದದ್ದು ಇಳಿದ ತೂಕವನ್ನು ಹೆಚ್ಚು ಉಳಿಸಿಕೊಂಡವರ ಚಯಾಪಚಯ! ಅಂದರೆ ತೂಕ ಮರಳಿದ್ದಕ್ಕೆ ಬರೀ ನಿಧಾನವೇ ಕಾರಣವಲ್ಲ.

ಕಾರಣ ಹಸಿವು. ಇದನ್ನೂ ಅದೇ ಹಾಲ್ ಮತ್ತು ಅವರ ಜೊತೆಗಾರರು ಬಹಳ ಜಾಣತನದಿಂದ ಅಳೆದರು. ಮೂತ್ರದಲ್ಲಿ ಸಕ್ಕರೆ ಹೊರಹೋಗುವಂತೆ ಮಾಡುವ ಮಧುಮೇಹದ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡವರ ಮೈಯಿಂದ ಅವರಿಗೇ ತಿಳಿಯದಂತೆ ದಿನವೂ 360 ಕ್ಯಾಲರಿಯಷ್ಟು ಸೋರಿಹೋಗುತ್ತದೆ. ತೂಕ ಇಳಿಯುತ್ತದೆ, ಆದರೆ ಸ್ವಲ್ಪ ದಿನಕ್ಕೆ ನಿಂತುಬಿಡುತ್ತದೆ. ಇಳಿದ ಒಂದೊಂದು ಕಿಲೋಗೂ ಅವರು ತಮಗೆ ಗೊತ್ತಿಲ್ಲದೆಯೇ ದಿನಕ್ಕೆ ಸುಮಾರು 100 ಕ್ಯಾಲರಿ ಹೆಚ್ಚು ತಿನ್ನುತ್ತಿದ್ದರು ಎಂದು ಲೆಕ್ಕ ಸಿಕ್ಕಿತು. ಒಂದು ಕಿಲೋ ಇಳಿದಾಗ ಮೈ ಉಳಿಸುವ ಖರ್ಚು ದಿನಕ್ಕೆ 20ರಿಂದ 30 ಕ್ಯಾಲರಿ ಮಾತ್ರ. ನಿಧಾನವಾದ ಚಯಾಪಚಯದ ಎಳೆತಕ್ಕಿಂತ ಹಸಿವಿನ ಎಳೆತ ಮೂರು ನಾಲ್ಕು ಪಟ್ಟು ಜೋರು. ಈಗ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಕೆಲಸ ಮಾಡುವುದೂ ಮುಖ್ಯವಾಗಿ ಹಸಿವಿನ ಮೇಲೆಯೇ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲೆರಡು ಪಾಲು ಮರಳಿ ಬಂದದ್ದು ದಾಖಲಾಗಿದೆ. ಆದ್ದರಿಂದ ಡಯಟ್ ಬಿಟ್ಟ ಮೇಲೆ ತೂಕ ಮರಳಿದರೆ ನಿನಗೆ ಮನೋಬಲವಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡ. ಎಷ್ಟೋ ತಲೆಮಾರು ಬರಗಾಲ ಕಂಡು ಉಳಿದ ಮೈ ಅದು, ಕಳೆದುಕೊಂಡದ್ದನ್ನು ಮರಳಿ ಕೇಳುತ್ತದೆ. ಸೋಮಾರಿ ಎನ್ನುವ ಹೆಸರಿಗೆ ಅದು ಎಲ್ಲಿಂದ ತಕ್ಕದ್ದು?

ಎಷ್ಟು ತೂಗಬೇಕೆನ್ನುವುದರಲ್ಲಿ ಹುಟ್ಟಿನ ಪಾಲೂ ದೊಡ್ಡದು. 1986ರಲ್ಲಿ ಡೆನ್ಮಾರ್ಕಿನ 540 ದತ್ತುಮಕ್ಕಳ ತೂಕ ನೋಡಿದಾಗ ಅದು ಹೆತ್ತವರ ಮೈಕಟ್ಟನ್ನು ಹೋಲಿತು, ಸಾಕಿದವರದನ್ನು ಹೋಲಲಿಲ್ಲ. ನಿನ್ನ ಸೊಂಟ ನಮ್ಮ ಅಮ್ಮನದು, ಪುಟ್ಟಿ. ಆ ಸೊಂಟದಲ್ಲಿ ಕೊಡ ಹೊತ್ತು ಅವರು ಆರು ಮಕ್ಕಳನ್ನು ಬೆಳೆಸಿದರು.

ನಿನ್ನ ಫೋನಿನ ತೂಕ ಇಳಿಸುವ ಆ್ಯಪಿನ ಲೆಕ್ಕಕ್ಕೆ ಬರೋಣ. ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋ, ಹದಿನಾರು ವಾರಕ್ಕೆ ಎಂಟು ಕಿಲೋ ಎಂದು ಅದು ತೋರಿಸುತ್ತದೆ. ಈ ಸೂತ್ರ 1958ರದ್ದು. ಮೈ ಸಣ್ಣದಾಗುತ್ತ ಹೋದಂತೆ ಖರ್ಚೂ ಇಳಿಯುತ್ತದೆ ಎನ್ನುವುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಿನಕ್ಕೆ 100 ಕ್ಯಾಲರಿಯನ್ನು ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಸುಮಾರು 4 ಕಿಲೋ ಇಳಿಯುತ್ತದೆ, ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ ಬೇಕು, ಉಳಿದದ್ದಕ್ಕೆ ಇನ್ನೂ ಎರಡು ವರ್ಷ ಎಂಬುದು ಈಚಿನ ಲೆಕ್ಕ. ಮದುವೆಯ ತಾರೀಖಿಗೂ ಮೈಯ ತಾರೀಖಿಗೂ ಹೊಂದಿಕೆಯಾಗುವುದಿಲ್ಲ. ಮೊದಲ ವಾರದಲ್ಲೇ ಎರಡು ಕಿಲೋ ಇಳಿಯಿತು ಎಂದು ಖುಷಿಪಟ್ಟೆಯಲ್ಲ, ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು, ಮಾಂಸಖಂಡಗಳಲ್ಲಿ ಕೂಡಿಟ್ಟ ಗ್ಲೈಕೋಜನ್ನಿನ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಬಿಟ್ಟಾಗ ಅದು ಹೋಗುತ್ತದೆ, ಹಬ್ಬದ ಊಟ ಉಂಡ ಮರುದಿನ ಬರುತ್ತದೆ. ಮುಟ್ಟಿನ ದಿನಗಳ ಹಿಂದೆಮುಂದೆಯೂ ನೀರು ಏರಿಳಿಯುತ್ತದೆ. ಬೆಳಿಗ್ಗೆ ಸಂಜೆ ತೂಕದ ಯಂತ್ರ ಹತ್ತುವವರು ನೀರಿನ ಏರಿಳಿತಕ್ಕೆ ಅಳುತ್ತ ನಗುತ್ತ ಇರುತ್ತಾರೆ. ಆ ಯಂತ್ರವನ್ನು ಅಟ್ಟಕ್ಕೆ ಹಾಕು.

ಬೆವರೂ ಅಷ್ಟೇ. ಹೊಟ್ಟೆಗೆ ಪ್ಲಾಸ್ಟಿಕ್ ಬೆಲ್ಟ್ ಸುತ್ತಿಕೊಂಡು ಬೆವರಿದರೆ ಹೋಗುವುದು ನೀರು ಮತ್ತು ಉಪ್ಪು. ಕರಗಿದ ಕೊಬ್ಬು ಹೋಗುವ ದಾರಿ ಉಸಿರು: 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದಲೇ ಹೊರಬೀಳುತ್ತದೆ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎನ್ನುವುದೂ ಸುಳ್ಳು. ಸ್ನಾಯು ಗಟ್ಟಿಯಾಗುತ್ತದೆ, ಕೊಬ್ಬು ಎಲ್ಲಿಂದ ಹೋಗಬೇಕೆಂದು ಮೈ ತಾನೇ ತೀರ್ಮಾನಿಸುತ್ತದೆ.

ಹಾಗೆಂದು ವ್ಯಾಯಾಮ ಬಿಡು ಎನ್ನುತ್ತಿಲ್ಲ. ತೂಕಕ್ಕಾಗಿ ಮಾಡಬೇಡ ಎನ್ನುತ್ತಿದ್ದೇನೆ. ತಾಂಜಾನಿಯಾದ ಹಡ್ಜಾ ಜನರಲ್ಲಿ ಕೆಲವರು ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಾರೆ. ಗಂಡಸರು ದಿನಕ್ಕೆ 11 ಕಿಲೋಮೀಟರಿನಷ್ಟು, ಹೆಂಗಸರು 6 ಕಿಲೋಮೀಟರಿನಷ್ಟು ನಡೆಯುತ್ತಾರೆ. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ಅವರ ಖರ್ಚನ್ನು ಪ್ರಕಟಿಸಿದಾಗ ಎಲ್ಲರಿಗೂ ಅಚ್ಚರಿ. ಮೈ ಗಾತ್ರ ಸರಿದೂಗಿಸಿದರೆ ದಿನದ ಒಟ್ಟು ಖರ್ಚು ಪೇಟೆಯ ಅಮೆರಿಕನ್ನರಷ್ಟೇ ಇತ್ತು. ನಡಿಗೆಗೆ ಕೊಟ್ಟದ್ದನ್ನು ಮೈ ಬೇರೆ ಕಡೆ ಹಿಡಿದುಕೊಳ್ಳುತ್ತದೆ. ಜಿಮ್ಮಿಗೆ ಹೋಗಿಯೂ ತೂಕ ಇಳಿಯಲಿಲ್ಲ ಎಂದು ಗೋಳಾಡುವವರು ಇದನ್ನು ತಿಳಿದರೆ ಜಿಮ್ಮನ್ನು ಬೈಯುವುದೂ ಇಲ್ಲ, ತಮ್ಮನ್ನು ಬೈದುಕೊಳ್ಳುವುದೂ ಇಲ್ಲ. ಒಂದು ಕಿಲೋ ಮಾಂಸಖಂಡ ಬೆಳೆಸಿದರೂ ವಿಶ್ರಾಂತಿಯಲ್ಲಿ ಅದು ಉರಿಸುವುದು ದಿನಕ್ಕೆ 13 ಕ್ಯಾಲರಿ ಮಾತ್ರ. ಆದರೂ ಬೆಳೆಸು. ಉಂಡ ಅನ್ನದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಂಡು ಇಟ್ಟುಕೊಳ್ಳುವುದು ಮುಖ್ಯವಾಗಿ ಮಾಂಸಖಂಡ. ನಮ್ಮ ಜನಕ್ಕೆ ಕೊರತೆಯಿರುವುದೂ ಅದೇ.

ಇದನ್ನು ಮನಸ್ಸಿಟ್ಟು ಕೇಳು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 22.3, ಒಂದು ಚೂರೂ ವ್ಯತ್ಯಾಸವಿಲ್ಲ. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇಕಡ 9.1, ಯಾಜ್ಞಿಕ್‌ರಲ್ಲಿ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು: ಇದು ನಮ್ಮ ಮೈಕಟ್ಟು. ಪುಣೆಯ ಸುತ್ತಲಿನ ಹಳ್ಳಿಗಳ ಕೂಸುಗಳು ಹುಟ್ಟುವಾಗ ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳು 3.5 ಕಿಲೋ. ನಮ್ಮ ಕೂಸುಗಳಲ್ಲಿ ಎಲ್ಲವೂ ಸಣ್ಣದಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎನ್ನುತ್ತಿದ್ದದ್ದು, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ ಬರೆದಿಟ್ಟಿತ್ತು. ಆ ಹಳೆಯ ದಫ್ತರ ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಕಡಿಮೆ ತೂಗಿದವರಲ್ಲೇ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಇದು ಪ್ರಕಟವಾಯಿತು. ತಾಯಿಯ ಹೊಟ್ಟೆಯಲ್ಲಿರುವಾಗ ಸಿಗದ ಪೋಷಣೆಯ ಲೆಕ್ಕ ಮೈಯಲ್ಲಿ ಉಳಿದುಬಿಡುತ್ತದೆ.

ನಿನ್ನನ್ನು ಕುರಿತು ನನಗಿರುವ ಭಯ ಇಲ್ಲಿದೆ. ಮದುವೆಗೆಂದು ಈಗ ಹಸಿದು ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಮರಳಿ ಬರುವಾಗ ಮೊದಲು ತುಂಬಿಕೊಳ್ಳುವುದು ಕೊಬ್ಬು. ನಾಳೆ ನೀನು ಬಸಿರಾಗುವಾಗ ರಕ್ತ, ಸ್ನಾಯು, ಪೋಷಣೆ ಇರಬೇಕಾದಷ್ಟು ಇರದಿದ್ದರೆ ಅದರ ಪಾಲು ಇನ್ನೊಂದು ಜೀವಕ್ಕೂ ಸಿಗುತ್ತದೆ. ಹಾಗಾಗಿ ತೂಕವನ್ನು ನೋಡಬೇಡ, ಸೊಂಟದ ಸುತ್ತಳತೆಯನ್ನು ನೋಡು. ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ತುದಿ, ಇವೆರಡರ ನಡುವೆ, ಉಸಿರು ಬಿಟ್ಟಾಗ ಟೇಪು ಹಿಡಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರವಹಿಸಬೇಕು. ಬಿಎಂಐ 23 ದಾಟಿದರೆ ನಮ್ಮವರಿಗೆ ಹೆಚ್ಚು ತೂಕವೆಂದೇ ಲೆಕ್ಕ, ಬೇರೆ ದೇಶದವರ 25 ನಮಗಲ್ಲ. ಕಡ್ಡಿಯಂತಿರುವ ನಿನ್ನ ತಮ್ಮನಿಗೂ ಟೇಪು ಹಿಡಿ. ಅವನಿಗೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಕೈಕಾಲು ಸಣ್ಣಗಿದ್ದು ಹೊಟ್ಟೆ ಮುಂದೆ ಬಂದಿರುವುದು ಅವನಿಗೇ. ನಿಮ್ಮಪ್ಪನ ಸಕ್ಕರೆ ಕಾಯಿಲೆಯ ಪಾಲುದಾರ ಅವನೂ ಹೌದು.

ಅಡುಗೆಮನೆಯ ನಂಬಿಕೆಗಳು ನೂರಾರಿವೆ. ಕೆಲವನ್ನಷ್ಟೇ ಹೇಳುತ್ತೇನೆ. ನಿಂಬೆರಸ ಕೊಬ್ಬು ಕರಗಿಸುವುದಿಲ್ಲ, ಅದಕ್ಕೆ ಬೆರೆಸಿದ ಒಂದು ದೊಡ್ಡ ಚಮಚ ಜೇನುತುಪ್ಪದಲ್ಲಿ 60 ಕ್ಯಾಲರಿ ಇದೆ. ಹುರುಳಿಕಟ್ಟು ಕುಡಿ, ರುಚಿಗೆ ಕುಡಿ. ಒಂದೇ ಊಟವನ್ನು ಆರು ಸಲ ಹಂಚಿ ತಿಂದರೆ ಬೆಂಕಿ ಏರುವುದಿಲ್ಲ. ಅನ್ನ ಬಿಟ್ಟು ಮುದ್ದೆಗೆ ಹೋದರೆ ತೂಕ ಇಳಿಯುತ್ತದೆ ಎನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲರಿ, ರಾಗಿಯಲ್ಲಿ ಸುಮಾರು 320. ಅಂತಹ ದೊಡ್ಡ ಅಂತರವೇನಲ್ಲ. ರಾಗಿಯ ಹೆಚ್ಚುಗಾರಿಕೆ ಬೇರೆ: ನಾರು 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ, ಮೇಲೆ ಬೇಕಾದಷ್ಟು ಸುಣ್ಣದ ಅಂಶ. ಮುದ್ದೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ರಾತ್ರಿಯ ಅನ್ನಕ್ಕೆ ಪ್ರತ್ಯೇಕ ಶಾಪವೇನಿಲ್ಲ, ಮಧ್ಯಾಹ್ನ ಸರಿಯಾಗಿ ಉಣ್ಣದವರು ರಾತ್ರಿ ಎಷ್ಟು ಉಣ್ಣುತ್ತಾರೆಂಬುದಷ್ಟೇ ಪ್ರಶ್ನೆ. ನಮ್ಮ ತಟ್ಟೆಯ ದೋಷ ಬೇರೆ ಕಡೆ ಇದೆ. ಅನ್ನದ ಗುಡ್ಡೆಯ ಪಕ್ಕ ಬೇಳೆ, ಕಾಳು, ಮೊಸರು, ಮೊಟ್ಟೆ ಇವುಗಳ ಪಾಲು ತೀರಾ ಸಣ್ಣದು. ಪ್ರೋಟೀನು ಹೊಟ್ಟೆ ತುಂಬಿಸುತ್ತದೆ, ಸ್ನಾಯು ಕಾಯುತ್ತದೆ.

ಪ್ಯಾಕೆಟ್ಟಿನ ತಿಂಡಿಯ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. 2019ರಲ್ಲಿ ಕೆವಿನ್ ಹಾಲ್ 20 ಜನರನ್ನು ಸಂಶೋಧನಾಲಯದಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಸಾದಾ ಅಡುಗೆ ಬಡಿಸಿದರು. ಮುಂದಿಟ್ಟ ಸಕ್ಕರೆ, ಕೊಬ್ಬು, ನಾರು, ಕ್ಯಾಲರಿ ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಎಂದಾಗ ಕಾರ್ಖಾನೆಯ ತಿನಿಸನ್ನು ದಿನಕ್ಕೆ 500 ಕ್ಯಾಲರಿ ಹೆಚ್ಚು ತಿಂದರು. ಅವರ ಮೆಟಬಾಲಿಸಂ ಎರಡು ವಾರದಲ್ಲಿ ಕೆಡಲಿಲ್ಲ, ಮುಂದಿದ್ದ ತಟ್ಟೆ ಬದಲಾಯಿತು ಅಷ್ಟೆ. ನಿದ್ದೆಯೂ ಹೀಗೆಯೇ ಹಸಿವನ್ನು ಹಿಡಿದಾಡಿಸುತ್ತದೆ. ಕಡಿಮೆ ನಿದ್ದೆ ಮಾಡುತ್ತಿದ್ದವರಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಮಲಗುವ ಅಭ್ಯಾಸ ಮಾಡಿಸಿದಾಗ ಅವರು ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದರೆಂದು 2022ರ ಅಧ್ಯಯನವೊಂದು ತೋರಿಸಿದೆ. ಯಾವ ಪುಡಿಯೂ ಅಷ್ಟು ಮಾಡಲಾರದು. ರಾತ್ರಿ ಫೋನು ನೋಡುವ ಆ ಗಂಟೆಯನ್ನು ನಿದ್ದೆಗೆ ಕೊಡು.

ಥೈರಾಯ್ಡ್ ಪರೀಕ್ಷೆ ಮಾಡಿಸು, ಬೇಡವೆನ್ನುವುದಿಲ್ಲ. ಆದರೆ ಥೈರಾಯ್ಡ್ ಕಡಿಮೆಯಾದರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲಿ ಹೆಚ್ಚಿನದು ಉಪ್ಪು ಮತ್ತು ನೀರು. ಮುಟ್ಟು ತಪ್ಪುತ್ತಿದ್ದರೆ ಪಿಸಿಒಡಿ ಇದೆಯೇ ಎಂದು ಸ್ತ್ರೀರೋಗ ತಜ್ಞರ ಹತ್ತಿರ ಕೇಳು. ಸ್ಟೀರಾಯ್ಡ್, ಕೆಲವು ಮನೋರೋಗದ ಮಾತ್ರೆಗಳು, ಇನ್ಸುಲಿನ್ ಇವೂ ತೂಕ ಏರಿಸುತ್ತವೆ. ಅಂಥ ಔಷಧಿ ತೆಗೆದುಕೊಳ್ಳುವ ಗೆಳತಿ ಯಾರಾದರೂ ದಪ್ಪಗಾದೆ ಎಂದು ಬಿಟ್ಟುಬಿಡಲು ಹೊರಟರೆ ವೈದ್ಯರನ್ನು ಕೇಳದೆ ಬಿಡಲು ಬಿಡಬೇಡ.

ಹುಡುಗನ ಮನೆಯವರು ಯಾರಾದರೂ ‘ಸ್ವಲ್ಪ ಇಳಿಸಿದರೆ ಚೆನ್ನ’ ಎಂದಿದ್ದರೆ ನನಗೆ ಹೇಳು, ಅತ್ತೆಯಾಗಿ ನಾನೇ ಮಾತಾಡುತ್ತೇನೆ. ನಮ್ಮ ಮನೆಯವರೇ ಅಂದಿದ್ದರೆ ಇನ್ನೂ ಸುಲಭ. ಇವತ್ತು ರಾತ್ರಿ ಊಟ ಮಾಡು, ಬಿಸಿ ಅನ್ನ, ಸೊಪ್ಪಿನ ಹುಳಿ, ಮೊಸರು. ಆ ಪುಡಿಯ ಡಬ್ಬಿಯನ್ನು ಯಾರಿಗೂ ಕೊಡಬೇಡ, ಎಸೆದುಬಿಡು. ಧಾರೆಯ ಸೀರೆಯ ರವಿಕೆಯನ್ನು ಇಳಿಯಲಿರುವ ಅಳತೆಗೆ ಹೊಲಿಯಲು ಹೇಳಿದ್ದೀಯೆಂದು ನಿಮ್ಮಮ್ಮ ಅಂದಳು. ನಾಳೆಯೇ ಟೈಲರ್ ಹತ್ತಿರ ಹೋಗಿ ಈಗಿನ ಅಳತೆ ಕೊಟ್ಟು ಬಾ, ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಲು ಹೇಳು.

ನಿನ್ನ ಅತ್ತೆ